ಭಾನುವಾರಗಳನ್ನು ಬಿಟ್ಟು

ಫೆಬ್ರವರಿಯ ಮೂರನೇ ವಾರ ನಮ್ಮ ಹಾಸ್ಟೆಲ್ ಮೆಸ್ಸಿನ ಅಣ್ಣನಿಗೆ ತಟ್ಟೆಗಳ ಲೆಕ್ಕ ಸಿಗದೆ ತಲೆ ಕೆಟ್ಟುಹೋಗಿತ್ತು. 15ನೇ ತಾರೀಖು ಭಾನುವಾರ ಶಿವರಾತ್ರಿ, ಅರ್ಧ ಹಾಸ್ಟೆಲ್ ಉಪವಾಸ. ಸೋಮವಾರ ಬೆಳಿಗ್ಗೆ ಕೋಟ್ಟಯಂ ಕಡೆಯ ನನ್ನ ರೂಂಮೇಟ್ ಹೋಗಿ, ಈಸ್ಟರ್ ತನಕ ನನಗೆ ಮೊಟ್ಟೆ, ಕೋಳಿ ಏನೂ ಹಾಕಬೇಡಿ ಎಂದಳು. ಬುಧವಾರ ನಾನು ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದು, ಇವತ್ತು ಮಧ್ಯಾಹ್ನದ ಒಂದು ಊಟ ಮಾತ್ರ ಎಂದೆ. ಅದೇ ವಾರ ರಂಜಾನ್ ಕೂಡ ಶುರುವಾಗಿ ಉಳ್ಳಾಲದ ಗೆಳತಿ ಬೆಳಗಿನ ಜಾವಕ್ಕೆ ಏನಾದರೂ ತೆಗೆದಿಡಲು ಆಗುತ್ತದಾ ಎಂದು ಕೇಳಿದಳು. ಅಣ್ಣ ಸೌಟು ಕೆಳಗಿಟ್ಟು, "ಏನ್ರಮ್ಮಾ, ಎಲ್ಲಾ ದೇವ್ರುಗಳೂ ಮಾತಾಡ್ಕೊಂಡು ಒಂದೇ ವಾರ ಇಟ್ಕೊಂಡವ್ರಾ?" ಎಂದ.

ಆ ಸಂಜೆ ಮೂವರೂ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದೆವು. ಬಿಸಿಲು ಇಳಿದಿತ್ತು, ಹೆಜ್ಜಾರ್ಲೆಗಳು ಮರದ ತುದಿಯಲ್ಲಿ ಭಾರವಾಗಿ ಕುಳಿತಿದ್ದವು. ಕೋಟ್ಟಯಂನವಳು ತನ್ನದನ್ನು 'ನೋಂಬು' ಎಂದಳು. ಉಳ್ಳಾಲದವಳು ಬ್ಯಾರಿ ಭಾಷೆಯವಳು, ತನ್ನದೂ ನೋಂಬೇ ಎಂದಳು. ಕನ್ನಡದಲ್ಲಿ ಜೈನರ ವ್ರತಕ್ಕೆ 'ನೋಂಪಿ' ಎನ್ನುತ್ತಾರೆ, ನೋಂಪಿಯ ಕಥೆಗಳೇ ಇವೆ, ಎಲ್ಲ ಒಂದೇ ಬೇರಿನವು ಎಂದು ನಾನು ಪಾಠ ಶುರು ಮಾಡಿದೆ. ಭಾಷಾಶಾಸ್ತ್ರದ ಪಿಎಚ್.ಡಿ. ಮಾಡುವವರ ಜೊತೆ ವಾಕಿಂಗ್ ಹೋಗುವ ಕಷ್ಟ ಅದು. "ಹಾಗಾದರೆ ನಿನ್ನ ಉಪವಾಸಕ್ಕೆ ಏನಂತೀಯಾ?" ಎಂದು ಇಬ್ಬರೂ ಕೇಳಿದರು.

"ಕರೆಜ್ಮ್" ಎಂದೆ. "ಹಾಗೆಂದರೆ?" "ನಲವತ್ತು."

ನಾನು ಮಂಗಳೂರು ಕಡೆಯ ಕ್ರೈಸ್ತಳು, ಮನೆಮಾತು ಕೊಂಕಣಿ. ನನ್ನ ಸಂಶೋಧನೆ ಕರಾವಳಿಯ ಭಾಷೆಗಳಲ್ಲಿ ಉಳಿದುಕೊಂಡಿರುವ ಪೋರ್ಚುಗೀಸ್ ಪದಗಳ ಮೇಲೆ. ಮೇಜು, ಚಾವಿ, ಪಾದ್ರಿ, ಅನಾನಸು ಎಲ್ಲರಿಗೂ ಗೊತ್ತಿರುವವು. ಇಗರ್ಜಿಯ ಒಳಗೆ ಹೋದರೆ ಇನ್ನೂ ರಾಶಿ ಇವೆ. ಸಂಜೆಯ ಜಪಮಾಲೆ ನಮಗೆ 'ತೆರ್ಸ್', ಅದು ಅವರ 'ತೆರ್ಸು'. ಪಾಸ್ಖ ಹಬ್ಬಕ್ಕೆ ಮುಂಚಿನ ವ್ರತದ ದಿನಗಳು 'ಕರೆಜ್ಮ್', ಅದು ಅವರ 'ಕ್ವರೆಸ್ಮಾ'. ಅದರ ಹಿಂದೆ ನಲವತ್ತನೆಯದು ಎಂಬ ಅರ್ಥದ ಲ್ಯಾಟಿನ್ ಪದವಿದೆ. ಅಂದರೆ ನಮ್ಮ ಪದ ಬರೀ ಒಂದು ಸಂಖ್ಯೆ. ಮೈಸೂರಿನ ಕನ್ನಡ ಪೂಜೆಯಲ್ಲಿ ಇದೇ ದಿನಗಳನ್ನು 'ತಪಸ್ಸುಕಾಲ' ಎನ್ನುವುದನ್ನು ಮೊದಲ ಸಲ ಕೇಳಿದಾಗ ನನಗೆ ಜಟೆ ಬಿಟ್ಟ ಋಷಿಗಳು ನೆನಪಾಗಿ ನಗು ಬಂದಿತ್ತು. ಈಗ ಆ ಪದವೇ ಹೆಚ್ಚು ಇಷ್ಟ. ಏನು ಮಾಡಬೇಕೆಂದು ಅದಾದರೂ ಹೇಳುತ್ತದೆ.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಇಂಗ್ಲಿಷಿನ 'ಲೆಂಟ್'. ಅದಕ್ಕೂ ಉಪವಾಸಕ್ಕೂ ಸಂಬಂಧವೇ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ 'ಲೆಂಕ್ಟೆನ್' ಎಂದರೆ ವಸಂತ, ಹಗಲು ಉದ್ದವಾಗುವ ಕಾಲ. 'ಲಾಂಗ್' ಎಂಬ ಪದದ ನೆಂಟ. ಇಂಗ್ಲಿಷಿನವರು ಋತುವಿಗೆ ಬೇರೆ ಹೆಸರಿಟ್ಟುಕೊಂಡು ಇದನ್ನು ವ್ರತಕ್ಕೆ ಬಿಟ್ಟುಕೊಟ್ಟರು. ಡಚ್ಚರು ಇವತ್ತಿಗೂ ವಸಂತವನ್ನು 'ಲೆಂಟೆ' ಎಂದೇ ಕರೆಯುತ್ತಾರೆ. ಬೂದಿ ಬುಧವಾರದಿಂದ ಪಾಸ್ಖದವರೆಗೆ ಇಂಗ್ಲೆಂಡಿನಲ್ಲಿ ಹಗಲು ಸುಮಾರು ಮೂರು ಗಂಟೆ ಉದ್ದವಾಗುತ್ತದೆ, ಹೆಸರಿಡದೆ ಇರಲು ಸಾಧ್ಯವಿಲ್ಲ. ಮೈಸೂರಿನಲ್ಲಿ ಅಷ್ಟೇ ದಿನಕ್ಕೆ ಬೆಳೆಯುವುದು ಅರ್ಧ ಗಂಟೆ. ನಮಗೆ ಗೊತ್ತಾಗುವುದೇ ಇಲ್ಲ.

ಇನ್ನೊಂದು ವಿಷಯ. ಅಲ್ಲಿ ಅದು ಚಳಿಗಾಲದ ಕೊನೆ. ಉಪ್ಪು ಹಾಕಿ ಇಟ್ಟ ಮಾಂಸ, ಕಣಜದ ಕಾಳು ತಳ ಕಾಣುವ ಹೊತ್ತು. ಹಿಂದಿನ ಕಾಲದಲ್ಲಿ ಮಾಂಸದ ಜೊತೆ ಹಾಲು, ಮೊಟ್ಟೆ ಕೂಡ ಬಿಡಬೇಕಿತ್ತು. ಹಗಲು ಉದ್ದವಾದಂತೆ ಕೋಳಿಗಳು ಮಾತ್ರ ಮೊಟ್ಟೆ ಇಡುತ್ತಲೇ ಹೋಗುತ್ತಿದ್ದವು. ತಿನ್ನುವಂತಿಲ್ಲದ ಮೊಟ್ಟೆಗಳೆಲ್ಲ ಹಬ್ಬದ ದಿನಕ್ಕೆ ರಾಶಿಯಾಗುತ್ತಿದ್ದವು. ನಮ್ಮೂರಿಗೆ ಕರೆಜ್ಮ್ ಬರುವುದು ಎಲ್ಲ ತುಂಬಿದ ಹೊತ್ತಿನಲ್ಲಿ. ಗುಜ್ಜೆ ಬಲಿಯುತ್ತಿರುತ್ತದೆ, ಮಾವಿನ ಮಿಡಿ ಉದುರುತ್ತಿರುತ್ತದೆ, ಸುರಗಿ ಹೂ ಸಿಗುತ್ತದೆ, ಗುಡ್ಡದ ತುಂಬ ಗೇರುಹಣ್ಣು. ಇಷ್ಟನ್ನು ಇಟ್ಟುಕೊಂಡು ಉಪವಾಸ ಎಂದು ಕೂರುವುದು ಒಂದು ರೀತಿಯಲ್ಲಿ ತಮಾಷೆಯೇ.

ಈ ಪದದ ಮೇಲೆ ಎರಡು ಪುಟ ಬರೆದು ತಾ ಎಂದು ನನ್ನ ಗೈಡ್ ಮೇಡಂ ಹೇಳಿದ್ದರು. ಒಂದೂವರೆ ಪುಟಕ್ಕೆ ನಿಂತುಬಿಟ್ಟಿತು. 'ಲೆಂಟ್ ಎಂದರೆ ವಸಂತ' ಎಂದು ಬರೆದ ಮೇಲೆ ನನಗೆ ಮನೆಯ ಹೊರತಾಗಿ ಬೇರೆ ಏನೂ ತೋಚಲಿಲ್ಲ. ಪ್ರಬಂಧದೊಳಗೆ ಹಾಕಲಾಗದ ಆ ಉಳಿದ ಅರ್ಧ ಪುಟ ಇದು.

ನನ್ನ ಪಪ್ಪ ಪಂಪ್ ಮೆಕ್ಯಾನಿಕ್. ಬಂಟ್ವಾಳ ತಾಲೂಕಿನ ನಮ್ಮ ಊರಿನ ಸುತ್ತ ಯಾರ ತೋಟದ ಪಂಪ್ ಕೆಟ್ಟರೂ ಅವರಿಗೇ ಕರೆ. ಕೈ ಒಳ್ಳೆಯದು, ಸ್ವರ ಇನ್ನೂ ಒಳ್ಳೆಯದು, ಇಗರ್ಜಿಯ ಗಾಯನದಲ್ಲಿ ಮುಂದಿನ ಸಾಲು. ಮತ್ತು ಕುಡಿಯುತ್ತಿದ್ದರು. ದಿನಾ. ಮೊದಲು ಸಾರಾಯಿ. 2007ರ ಜುಲೈ 1ರಿಂದ ಸರ್ಕಾರ ಸಾರಾಯಿ ನಿಲ್ಲಿಸಿತು, ಆಗ ನನಗೆ ಒಂಬತ್ತು ವರ್ಷ. ಇನ್ನು ಎಲ್ಲ ಸರಿಯಾಗುತ್ತದೆ ಎಂದು ಮಮ್ಮಿ ಅಜ್ಜಿಯ ಹತ್ತಿರ ಹೇಳಿದ್ದು ನೆನಪಿದೆ. ಆದದ್ದು ಇಷ್ಟೇ, ಪ್ಯಾಕೆಟ್ ಹೋಗಿ ಕ್ವಾರ್ಟರ್ ಬಂತು, ಖರ್ಚು ಜಾಸ್ತಿಯಾಯಿತು.

ಪಪ್ಪ ಹೊಡೆಯುವವರಲ್ಲ, ಇದನ್ನು ಹೇಳಿಬಿಡಬೇಕು. ಮಾತು. ಊಟದ ತಟ್ಟೆ ಅಂಗಳಕ್ಕೆ ಹೋಗುವುದು. ಮಮ್ಮಿಯ ತವರಿನ ನಾಲ್ಕು ತಲೆಮಾರನ್ನು ಹೆಸರು ಹಿಡಿದು ಕರೆಯುವುದು. ಬೆಳಿಗ್ಗೆ ಏನೂ ಆಗದವರ ಹಾಗೆ ಟೂಲ್ಸ್ ಚೀಲ ಹಿಡಿದು ಹೊರಡುವುದು. ಸ್ಕೂಟರ್ ಸ್ಟ್ಯಾಂಡ್ ಹಾಕುವ ಸದ್ದಿನಿಂದಲೇ ಆ ರಾತ್ರಿ ಹೇಗಿರುತ್ತದೆ ಎಂದು ನನಗೂ ತಮ್ಮನಿಗೂ ಗೊತ್ತಾಗುತ್ತಿತ್ತು. ಒಂದೇ ಒದೆತಕ್ಕೆ ನಿಂತರೆ ಪರವಾಗಿಲ್ಲ. ಎರಡು ಸಲ ತಪ್ಪಿದರೆ ನಾವು ಪುಸ್ತಕ ಎತ್ತಿಕೊಂಡು ಒಳಕೋಣೆಗೆ.

ಬೂದಿ ಬುಧವಾರ ಬಂದರೆ ಇದೆಲ್ಲ ನಿಂತುಹೋಗುತ್ತಿತ್ತು.

ಹಿಂದಿನ ವರ್ಷದ ಗರಿಗಳ ಭಾನುವಾರ ತಂದು ದೇವರ ಪಟದ ಹಿಂದೆ ಸಿಕ್ಕಿಸಿಟ್ಟ ತೆಂಗಿನ ಗರಿ ಒಣಗಿ ಕಡ್ಡಿಯಾಗಿರುತ್ತದೆ. ಅದನ್ನು ಇಗರ್ಜಿಗೆ ವಾಪಸು ಕೊಡುತ್ತೇವೆ. ಅದನ್ನು ಸುಟ್ಟ ಬೂದಿಯನ್ನೇ ಹಣೆಗೆ ಹಚ್ಚುವುದು. ಪಪ್ಪ ಆ ಬೂದಿ ಹಚ್ಚಿಸಿಕೊಂಡು ಬಂದ ಮೇಲೆ ಪಾಸ್ಖದವರೆಗೆ ಒಂದು ಹನಿ ಮುಟ್ಟುತ್ತಿರಲಿಲ್ಲ. ಮೊದಲ ಮೂರು ನಾಲ್ಕು ದಿನ ಕೈ ನಡುಗುತ್ತಿತ್ತು, ಯಾರ ಜೊತೆಯೂ ಮಾತಿಲ್ಲ. ಅಷ್ಟು ದಿನ ಕುಡಿದವರು ಹೀಗೆ ಒಮ್ಮೆಗೇ ಬಿಡುವುದು ಅಪಾಯ, ವೈದ್ಯರನ್ನು ಕೇಳಿಕೊಂಡೇ ಬಿಡಬೇಕು ಎಂಬುದೆಲ್ಲ ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ. ಒಂದು ವಾರ ಕಳೆದರೆ ಬೇರೆಯೇ ಮನುಷ್ಯ. ಸಂಜೆ ಆರಕ್ಕೆ ಮನೆ. ಪೇಟೆಯ ಹೋಟೆಲಿನಿಂದ ಪೇಪರಿನಲ್ಲಿ ಕಟ್ಟಿಸಿಕೊಂಡ ಗೋಳಿಬಜೆ ಸ್ಕೂಟರಿನ ಮುಂದಿನ ಕೊಕ್ಕೆಯಲ್ಲಿ. ಏಳೂವರೆಗೆ ತೆರ್ಸ್, ಪಪ್ಪನೇ ಹೇಳಿಕೊಡುವುದು. ಆಮೇಲೆ ನನಗೆ ಗಣಿತ. ಶುಕ್ರವಾರ ಶಿಲುಬೆ ಹಾದಿಗೆ ನಾಲ್ವರೂ ಒಟ್ಟಿಗೆ ನಡೆದುಕೊಂಡು ಹೋಗುವುದು, ದಾರಿಯಲ್ಲಿ ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಳ್ಳುವುದು.

ಬೇರೆ ಮನೆಯ ಮಕ್ಕಳಿಗೆ ಕರೆಜ್ಮ್ ಎಂದರೆ ಬೇಜಾರು. ಮಾಂಸ ಇಲ್ಲ, ಮದುವೆ ಇಲ್ಲ, ಪೂಜೆಯಲ್ಲಿ ಅಲ್ಲೆಲೂಯ ಕೂಡ ಇಲ್ಲ, ಪಾದ್ರಿಗಳ ಮೈಮೇಲೆ ನೇರಳೆ ಬಟ್ಟೆ. ನಮಗೆ ಗೋಳಿಬಜೆ. ದುಃಖದಲ್ಲಿರಬೇಕಾದ ಕಾಲದಲ್ಲಿ ನಾವು ಇಷ್ಟು ಸಂತೋಷವಾಗಿರುವುದು ಪಾಪವೋ ಏನೋ ಎಂದು ನನಗೆ ನಿಜವಾಗಿಯೂ ಅನುಮಾನವಿತ್ತು. ಪಾಪನಿವೇದನೆಯಲ್ಲಿ ಕೇಳಬೇಕೆಂದುಕೊಂಡು ಹೆದರಿ ಸುಮ್ಮನಾದೆ.

ನಮ್ಮ ಮನೆಯ ಹಿಂದೆ ಗುಡ್ಡ, ಗುಡ್ಡದ ತುಂಬ ಗೇರುಮರ. ಮಾರ್ಚಿನಲ್ಲಿ ಬೀಜ ಕಿತ್ತು ಎಸೆದ ಹಣ್ಣುಗಳು ಬಿಸಿಲಿಗೆ ಕೊಳೆತು ಇಡೀ ಗುಡ್ಡ ಹುಳಿ ವಾಸನೆ ಹೊಡೆಯುತ್ತದೆ. ವರ್ಷದ ಉಳಿದ ದಿನಗಳಲ್ಲಿ ಹೆಚ್ಚುಕಡಿಮೆ ಅದೇ ವಾಸನೆ ಪಪ್ಪನ ಅಂಗಿಯಲ್ಲಿ ಇರುತ್ತಿತ್ತು. ಕರೆಜ್ಮಿನಲ್ಲಿ ಮಾತ್ರ ವಾಸನೆ ಗುಡ್ಡದಲ್ಲಿರುತ್ತಿತ್ತು, ಪಪ್ಪ ಸಾಬೂನಿನ ಪರಿಮಳ ಬರುತ್ತಿದ್ದರು. ಈಗಲೂ ಸಂಪಾಜೆ ಘಾಟಿ ಇಳಿದು ಬಸ್ಸಿನ ಕಿಟಕಿಯಿಂದ ಆ ಗೇರುಹಣ್ಣಿನ ಗಾಳಿ ಬಂದರೆ ನನಗೆ ಮೊದಲು ಹೆದರಿಕೆಯಾಗುತ್ತದೆ, ಆಮೇಲೆ ಸಮಾಧಾನವಾಗುತ್ತದೆ. ಎರಡೂ ಬರುತ್ತವೆ, ಅದೇ ಕ್ರಮದಲ್ಲಿ.

ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಭಾನುವಾರ ದೊತೊರ್ನಿನಲ್ಲಿ, ಅಂದರೆ ಧರ್ಮೋಪದೇಶದ ಕ್ಲಾಸಿನಲ್ಲಿ, ಟೀಚರ್ ಬೋರ್ಡಿನ ಮೇಲೆ ಒಂದು ಲೆಕ್ಕ ಹಾಕಿದರು. ಬೂದಿ ಬುಧವಾರದಿಂದ ಪಾಸ್ಖದ ಹಿಂದಿನ ಶನಿವಾರದವರೆಗೆ ಎಣಿಸಿ, ಎಷ್ಟು ದಿನ? ನಲವತ್ತಾರು. ಹಾಗಾದರೆ ಕರೆಜ್ಮ್ ನಲವತ್ತು ಹೇಗೆ? ಯಾರಿಗೂ ಗೊತ್ತಿರಲಿಲ್ಲ. ನಡುವಿನ ಆರು ಭಾನುವಾರಗಳನ್ನು ಬಿಡಬೇಕು ಎಂದರು ಟೀಚರ್. ಭಾನುವಾರ ಪುನರುತ್ಥಾನದ ದಿನ, ಭಾನುವಾರ ಉಪವಾಸವಿಲ್ಲ, ಲೆಕ್ಕಕ್ಕೆ ಸೇರುವುದಿಲ್ಲ.

ನನ್ನ ಎದೆ ಧಸಕ್ಕೆಂದಿತು. ಪಪ್ಪನಿಗೆ ಇದು ಗೊತ್ತಾದರೆ?

ಮನೆಗೆ ಬರುವ ದಾರಿಯಲ್ಲಿ ತಮ್ಮನಿಗೆ ಹೇಳಿಬಿಟ್ಟೆ, ತಕ್ಷಣ ಪಶ್ಚಾತ್ತಾಪವಾಗಿ ಅವನಿಂದ ಆಣೆ ಹಾಕಿಸಿಕೊಂಡೆ. ಅವನು ಎರಡನೇ ಕ್ಲಾಸು. ಒಂದು ವಾರ ಪೂರ್ತಿ ಪಪ್ಪನ ಮುಂದೆ ಬಾಯಿ ಬಿಗಿದುಕೊಂಡು ಓಡಾಡಿದ, ಹಲ್ಲುನೋವೋ ಏನೋ ಎಂದು ಮಮ್ಮಿ ಲವಂಗ ಇಟ್ಟಳು. ಪ್ರತಿ ಭಾನುವಾರ ಪ್ರಸಂಗದ ಹೊತ್ತಿಗೆ ಪಾದ್ರಿಗಳು ಎಲ್ಲಿ ಆ ಲೆಕ್ಕ ಹೇಳಿಬಿಡುತ್ತಾರೋ ಎಂದು ನಾನು ಬೆಂಚು ಹಿಡಿದು ಕೂರುತ್ತಿದ್ದೆ. ಹೇಳಲಿಲ್ಲ. ಆರು ಭಾನುವಾರಗಳೂ ನಮ್ಮ ಕೈಯಲ್ಲಿ ಉಳಿದವು. ನಾನು ದೇವರ ಲೆಕ್ಕದಲ್ಲಿ ಪಪ್ಪನಿಗೆ ಮೋಸ ಮಾಡುತ್ತಿದ್ದೇನೆ ಎಂದು ಗೊತ್ತಿತ್ತು. ಮಾಡಿದೆ, ಪ್ರತಿ ವರ್ಷ.

ಪಾಸ್ಖದ ಬಗ್ಗೆ ಬರೆಯಲು ಹೆಚ್ಚಿಲ್ಲ. ಮಧ್ಯರಾತ್ರಿಯ ಪೂಜೆ, ಮೇಣದಬತ್ತಿ, ಗಂಟೆ. ಬೆಳಿಗ್ಗೆ ಸಾನ್ನಾಂ, ಹಂದಿಮಾಂಸ. ನಮ್ಮಲ್ಲಿ ಸಾನ್ನಾಂ ಹಿಟ್ಟು ಹುದುಗಲು ಶೇಂದಿ ಹಾಕುತ್ತಾರೆ, ಅದರ ರುಚಿಯೇ ಬೇರೆ. ಮಮ್ಮಿ ಮಾತ್ರ ಯೀಸ್ಟ್ ಹಾಕುತ್ತಿದ್ದಳು, ಶೇಂದಿ ತರಲು ಯಾರನ್ನು ಕಳಿಸುವುದು? ಮಧ್ಯಾಹ್ನ ಊಟಕ್ಕೆ ಮುಂಚೆ ಪಪ್ಪ ಇಷ್ಟೊತ್ತಿಗೆ ಬರುತ್ತೇನೆ ಎಂದು ಹೊರಡುತ್ತಿದ್ದರು. ಸಂಜೆ ಸ್ಕೂಟರ್ ಸ್ಟ್ಯಾಂಡ್ ಎರಡು ಸಲ ತಪ್ಪುತ್ತಿತ್ತು. ಜಗತ್ತಿನ ಕ್ರೈಸ್ತರೆಲ್ಲ ವರ್ಷವಿಡೀ ಕಾಯುವ ಹಬ್ಬವನ್ನು ನಾನು ದ್ವೇಷಿಸುತ್ತಿದ್ದೆ. ಹೊಸ ಕ್ಯಾಲೆಂಡರ್ ಬಂದ ದಿನವೇ ಪಾಸ್ಖ ಯಾವಾಗ ಎಂದು ನೋಡುವುದು. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರ ಅದು. ತಡವಾಗಿ ಬಂದರೆ ಕರೆಜ್ಮ್ ಉದ್ದವಾಗುತ್ತದೆ ಎಂದು ಬಹಳ ಕಾಲ ನಂಬಿದ್ದೆ. ತಡವಾದಷ್ಟೂ ಶುರುವಾಗುವುದೂ ತಡ ಎಂಬುದು ಹೊಳೆದ ದಿನ ಅತ್ತಿದ್ದೆ.

ಡಿಗ್ರಿಗೆ ಮಂಗಳೂರಿಗೆ ಹೋದ ಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಕರೆಜ್ಮಿನಲ್ಲಿ ಮನೆಗೆ ಹೋಗುವುದು, ಪಾಸ್ಖಕ್ಕೆ ಮುಂಚೆ ವಾಪಸು. ಪರೀಕ್ಷೆ, ಸೆಮಿನಾರ್, ಗೈಡ್ ಕರೆದಿದ್ದಾರೆ. ಮಮ್ಮಿ ಯಾವತ್ತೂ ಯಾಕೆ ಎಂದು ಕೇಳಲಿಲ್ಲ. ಒಂದು ಪ್ರಶ್ನೆ ಮಾತ್ರ ವರ್ಷ ವರ್ಷ ದೊಡ್ಡದಾಗುತ್ತಾ ಹೋಯಿತು. ಆಗದೇ ಇರುವವರಾಗಿದ್ದರೆ ಬೇರೆ ಮಾತು. ನಲವತ್ತಾರು ದಿನ ಆಗುತ್ತದೆ. ಹಾಗಾದರೆ ಉಳಿದ ದಿನಗಳಲ್ಲಿ ಮಾಡಿದ್ದೆಲ್ಲ ಬೇಕೆಂದೇ ಮಾಡಿದ್ದಲ್ಲವೇ? ಚಟ, ಕಾಯಿಲೆ ಎಂದೆಲ್ಲ ಓದಿದ್ದೇನೆ, ಬೇರೆಯವರ ಅಪ್ಪಂದಿರ ವಿಷಯದಲ್ಲಿ ಒಪ್ಪುತ್ತೇನೆ ಕೂಡ. ಆ ಆರು ವಾರಗಳ ಗೋಳಿಬಜೆಯಿಂದಾಗಿಯೇ ನನಗೆ ನನ್ನ ಪಪ್ಪನನ್ನು ಕ್ಷಮಿಸುವುದು ಕಷ್ಟವಾಯಿತು.

ಕಳೆದ ಅಕ್ಟೋಬರಿನಲ್ಲಿ ಪಪ್ಪನಿಗೆ ಕಾಮಾಲೆಯಾಗಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಲಿವರ್. ಇನ್ನು ಒಂದು ತೊಟ್ಟು ಇಳಿದರೂ ನಮ್ಮ ಹತ್ತಿರ ಕರೆತರಬೇಡಿ ಎಂದರಂತೆ ಡಾಕ್ಟರ್. ಅವತ್ತಿನಿಂದ ಬಿಟ್ಟಿದ್ದಾರೆ. ಹತ್ತು ಕಿಲೋ ಇಳಿದಿದ್ದಾರೆ, ಸಂಜೆ ಹೊತ್ತು ಏನು ಮಾಡುವುದೆಂದು ತಿಳಿಯದೆ ಅಂಗಳದಲ್ಲಿ ಸುತ್ತುತ್ತಾರೆ ಎಂದಳು ಮಮ್ಮಿ.

ಬೂದಿ ಬುಧವಾರದ ರಾತ್ರಿ ನಾನೇ ಫೋನ್ ಮಾಡಿದ್ದೆ. ಇಗರ್ಜಿಗೆ ಹೋಗಿದ್ದಿರಾ, ಊಟ ಆಯಿತಾ ಎಂದೆಲ್ಲ ಕೇಳಿದ ಮೇಲೆ ಪಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಸಲ ಬಿಡುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ ಬಾಯೆ" ಎಂದರು. ನಗುತ್ತಲೇ ಹೇಳಿದ್ದು. ನನಗೆ ಏನು ಹೇಳಬೇಕೆಂದು ತಿಳಿಯದೆ, ಸಕ್ಕರೆ ಬಿಡಿ ಎಂದುಬಿಟ್ಟೆ.

ಮಾರ್ಚ್ 14ರ ರಾತ್ರಿ ಬಸ್ಸು ಹತ್ತಿ ಊರಿಗೆ ಹೋದೆ. ಮರುದಿನ ಕರೆಜ್ಮಿನ ನಾಲ್ಕನೇ ಭಾನುವಾರ. ಅರ್ಧ ದಾರಿ ಮುಗಿಯಿತೆಂದು ಅವತ್ತೊಂದು ದಿನ ಪಾದ್ರಿಗಳು ನೇರಳೆ ಬಿಟ್ಟು ಗುಲಾಬಿ ಬಣ್ಣ ಹಾಕಬಹುದು. ಪೂಜೆ ಮುಗಿಸಿ ಬಂದು, ಮಮ್ಮಿ ಗುಜ್ಜೆ ಹೆಚ್ಚುತ್ತಿದ್ದಳು, ಪಪ್ಪ ಜಗಲಿಯಲ್ಲಿ ಒಂದು ಹಳೇ ಪಂಪಿನ ಬೇರಿಂಗ್ ಬಿಚ್ಚಿಟ್ಟುಕೊಂಡಿದ್ದರು. ಗುಡ್ಡದಿಂದ ಆ ವಾಸನೆ ಬರುತ್ತಿತ್ತು. ನಾನು ಸಾಕ್ಷ್ಯಚಿತ್ರದವಳ ಹಾಗೆ ಲೆಂಟ್, ಲೆಂಕ್ಟೆನ್, ವಸಂತ ಎಂದೆಲ್ಲ ಹೇಳಿದೆ. ಕೈ ಕೆಲಸ ನಿಲ್ಲಿಸದೆ ಕೇಳಿಸಿಕೊಂಡರು. ಕರೆಜ್ಮ್ ಎಂದರೆ ನಲವತ್ತು ಎಂದೆ.

"ಭಾನುವಾರಗಳನ್ನು ಬಿಟ್ಟು" ಎಂದರು ಪಪ್ಪ.

ನಾನು ಅವರ ಮುಖ ನೋಡಿದೆ. "ನಿಮಗೆ ಗೊತ್ತಿತ್ತಾ?"

"ಎಂಟು ವರ್ಷ ಪೂಜೆಗೆ ಸಹಾಯ ಮಾಡುವ ಹುಡುಗನಾಗಿದ್ದೆ. ಗೊತ್ತಿರುವುದಿಲ್ಲವಾ?" ಬೇರಿಂಗನ್ನು ಸೀಮೆಎಣ್ಣೆಯಲ್ಲಿ ಅದ್ದಿ ತಿರುಗಿಸಿದರು. "ನಿನ್ನ ತಮ್ಮ ಒಂದು ಸಲ ಬಂದು ಹೇಳಿದ್ದ ಕೂಡ. ಅಳುತ್ತಾ. ಅಕ್ಕನಿಗೆ ಹೇಳಬೇಡಿ ಅಂದ."

ಒಳಗೆ ಈಳಿಗೆಮಣೆಯ ಸದ್ದು ನಿಂತಿತು. ಮಮ್ಮಿ ಕೇಳಿಸಿಕೊಳ್ಳುತ್ತಿದ್ದಳು.

ಹದಿನೈದು ವರ್ಷಗಳಿಂದ ಇಟ್ಟುಕೊಂಡಿದ್ದನ್ನು ಆಗ ಕೇಳಿದೆ. ಭಾನುವಾರ ಕುಡಿಯಬಹುದು ಎಂದು ಗೊತ್ತಿದ್ದೂ ಬಿಟ್ಟಿರಲು ಆಗುತ್ತಿತ್ತಲ್ಲ, ಉಳಿದ ದಿನ ಯಾಕೆ ಆಗಲಿಲ್ಲ? ಅಂದುಕೊಂಡದ್ದಕ್ಕಿಂತ ಸ್ವರ ಜೋರಾಗಿತ್ತು. ಪಪ್ಪ ಕೋಪ ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಬಹಳ ಹೊತ್ತು ಬಟ್ಟೆಯಿಂದ ಕೈ ಒರೆಸಿಕೊಂಡರು.

"ಮುಗಿಯುವ ದಿನ ಗೊತ್ತಿದ್ದರೆ ಆಗುತ್ತದೆ ಬಾಯೆ. ಪಾಸ್ಖ ಬರುತ್ತದೆ ಅಂತ ಗೊತ್ತಿತ್ತು, ಅದಕ್ಕೇ ಆಗುತ್ತಿತ್ತು. ಈಗ ಡಾಕ್ಟರ್ ಹೇಳಿದ್ದಕ್ಕೆ ಪಾಸ್ಖ ಇಲ್ಲ. ದಿನಾ ಬೆಳಿಗ್ಗೆ ಎದ್ದರೆ ಬೂದಿ ಬುಧವಾರವೇ."

ನಾನು ಬಯಸಿದ್ದ ಉತ್ತರ ಅದಲ್ಲ. ತಪ್ಪಾಯಿತು ಎನ್ನುವ ಪದ ಅದರಲ್ಲಿರಲಿಲ್ಲ, ನಾನು ಅದಕ್ಕಾಗಿ ಕಾದೆ, ಬರಲಿಲ್ಲ. ಪಪ್ಪ ಬೇರಿಂಗ್ ಜೋಡಿಸುವುದಕ್ಕೆ ಹಿಂದಿರುಗಿದರು. ಕೈ ನಡುಗುತ್ತಿತ್ತು, ಒಂದು ಸ್ಕ್ರೂ ಜಗಲಿಯಿಂದ ಉರುಳಿ ಅಂಗಳಕ್ಕೆ ಬಿತ್ತು. ಎದ್ದು ಹೋಗಿ ಹುಡುಕಿಕೊಟ್ಟೆ. ಮಧ್ಯಾಹ್ನ ಗುಜ್ಜೆ ಸುಕ್ಕ, ಬಂಗುಡೆ ಸಾರು ಊಟ ಮಾಡಿದೆವು. ಆ ವಿಷಯ ಯಾರೂ ಎತ್ತಲಿಲ್ಲ. ಬೆಂಗಳೂರಿನಲ್ಲಿರುವ ತಮ್ಮನಿಗೆ ಮೆಸೇಜ್ ಹಾಕಿದೆ: ಆಣೆ ಮುರಿದ ಕಳ್ಳ. ಅವನು ಏನೂ ಉತ್ತರಿಸದೆ ರಾತ್ರಿ ಫೋನ್ ಮಾಡಿದ, ಒಂದು ಗಂಟೆ ಮಾತಾಡಿದೆವು.

ಮೈಸೂರಿಗೆ ಬಂದ ಮೇಲೆ ಯುಗಾದಿ ಆಯಿತು, ಹಿಂದೆಯೇ ಈದ್ ಬಂತು. ಉಳ್ಳಾಲದವಳು ಊರಿನಿಂದ ತಂದದ್ದನ್ನು ರೂಮಿನಲ್ಲಿ ಹಂಚಿದಳು, ಕೋಟ್ಟಯಂನವಳೂ ನಾನೂ ಬಿರಿಯಾನಿ ಬಿಟ್ಟು ಸಿಹಿ ಮಾತ್ರ ತಿಂದೆವು. ಹುಣ್ಣಿಮೆ ಏಪ್ರಿಲ್ 2ಕ್ಕೆ, ಪಾಸ್ಖ 5ಕ್ಕೆ. ಹತ್ತು ವರ್ಷಗಳಲ್ಲಿ ಮೊದಲ ಸಲ ಪಾಸ್ಖಕ್ಕೆ ಟಿಕೆಟ್ ಮಾಡಿಸಿದ್ದೇನೆ.

ನಿನ್ನೆ ಮಮ್ಮಿ ಫೋನ್ ಮಾಡಿದ್ದಳು. ಅಕ್ಕಿ ಎಷ್ಟು ನೆನೆಹಾಕಲಿ, ನಿನ್ನ ತಮ್ಮನೂ ಬರುತ್ತಾನಂತೆ ಎಂದಳು. ಪಕ್ಕದ ಮನೆಯವರು ಶೇಂದಿ ತರಿಸುತ್ತಿದ್ದಾರೆ, ನಮಗೂ ಒಂದು ಲೋಟ ಕೊಡಲಾ ಎಂದು ಕೇಳಿದರಂತೆ. ಹಿಟ್ಟಿಗೆ ಹಾಕಿ ಬೇಯಿಸಿದ ಮೇಲೆ ಏನೂ ಆಗುವುದಿಲ್ಲ, ರುಚಿಯೂ ಚೆನ್ನಾಗಿರುತ್ತದೆ, ಆದರೂ ಲೋಟದಲ್ಲಿ ಒಂದು ರಾತ್ರಿ ಅಡುಗೆಮನೆಯಲ್ಲಿ ಇರಬೇಕಲ್ಲ ಎಂದಳು.

"ಯೀಸ್ಟೇ ಹಾಕು" ಎಂದೆ.

"ನಾನೂ ಅದನ್ನೇ ಅಂದುಕೊಂಡಿದ್ದೆ" ಎಂದಳು.